ಹೆಸರು ಮತ್ತು ಲಾಂಛನ: ನಮ್ಮ ಮನೆತನಗಳ ಮೂಲವನ್ನು ಕುರಿತು ಒಂದು ವಿಚಾರ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಧರ್ಮಕೇಂದ್ರದ ಎಲ್ಲ ಕುಟುಂಬಗಳ ಪಟ್ಟಿಯನ್ನು ಅಚ್ಚು ಹಾಕಿಸಬೇಕೆಂದು ನಾವು ನಿಶ್ಚಯಿಸಿದಾಗ ಎರಡು ಬಗೆಯ ಮಾತುಗಳು ನಮ್ಮ ಕಿವಿಗೆ ಬಿದ್ದವು. ಕರಾವಳಿ ಮೂಲದ ಕೆಲವರು ತಮ್ಮ ಮನೆಯ ಗೋಡೆಗೆ ತೂಗುಹಾಕಿರುವ, ಗುರಾಣಿ ಶಿರಸ್ತ್ರಾಣಗಳುಳ್ಳ ವಂಶಲಾಂಛನದ ಚಿತ್ರಪಟಗಳನ್ನು ತಂದು, ಇವನ್ನೂ ತಮ್ಮ ಹೆಸರಿನ ಪಕ್ಕದಲ್ಲಿ ಮುದ್ರಿಸಬೇಕೆಂದು ಕೇಳಿಕೊಂಡರು. ಅದೇ ವಾರ ಬಯಲುಸೀಮೆಯ ಹಳ್ಳಿಯ ಹಿರಿಯರೊಬ್ಬರು, “ಸ್ವಾಮಿ, ನಮಗೆ ಮನೆತನದ ಹೆಸರೂ ಇಲ್ಲ, ಲಾಂಛನವೂ ಇಲ್ಲ. ಪಟ್ಟಿಯ ಕೊನೆಯಲ್ಲಿ ನಮ್ಮನ್ನು ಸೇರಿಸಿದರೂ ಆದೀತು” ಎಂದರು. ಈ ಮಾತು ನಮ್ಮನ್ನು ಬಹುವಾಗಿ ನೋಯಿಸಿತು. ಆದ್ದರಿಂದ ಹೆಸರುಗಳ ಚರಿತ್ರೆಯನ್ನು ಸ್ವಲ್ಪ ಶೋಧಿಸಿ, ಕಂಡುಕೊಂಡುದನ್ನು ಭಕ್ತಾದಿಗಳ ಮುಂದಿಡುತ್ತಿದ್ದೇವೆ.

ಲಾಂಛನವೆಂಬುದು ನಮ್ಮ ಸೀಮೆಗೆ ಹೊಸತಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಬಾಗಿಲ ಬಳಿ ಮೃಗದೊಡನೆ ಹೋರಾಡುತ್ತಿರುವ ಸಳನ ಶಿಲ್ಪವನ್ನು ನೋಡದವರು ಯಾರು? ಗುರುವು ‘ಹೊಯ್ ಸಳ’ ಎಂದು ಕೂಗಲು, ಶಿಷ್ಯನು ಹುಲಿಯನ್ನು ಕೊಂದನೆಂಬ ಕಥೆಯನ್ನು ವಿಷ್ಣುವರ್ಧನನ ಕಾಲದ, 1117ರ ಬೇಲೂರು ಶಾಸನವು ಹೇಳುತ್ತದೆ. ಆದರೆ ‘ಪೊಯ್ಸಳ’ ಎಂಬ ಹೆಸರು ಅದಕ್ಕೆ ಹಿಂದಿನ ಶತಮಾನದ ಶಾಸನಗಳಲ್ಲಿಯೇ ದೊರೆಯುತ್ತದೆ. ಹೆಸರು ಮೊದಲು ಬಂದಿತು, ಅದನ್ನು ವಿವರಿಸುವ ಕಥೆ ಅನಂತರ ಬೆಳೆಯಿತು ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಅರಸರ ಲಾಂಛನದ ಗತಿಯೇ ಹೀಗಾದರೆ, ಗೋಡೆಯ ಮೇಲಿನ ಚಿತ್ರಪಟವನ್ನು ನಾವು ಎಚ್ಚರಿಕೆಯಿಂದಲೇ ನೋಡಬೇಕಾಗುತ್ತದೆ.

ಯೂರೋಪಿನಲ್ಲಿ ವಂಶಲಾಂಛನವು 12ನೇ ಶತಮಾನದ ಸುಮಾರಿಗೆ ಯೋಧರ ಗುರಾಣಿಗಳ ಮೇಲೆ ಬೆಳೆದುಬಂದಿತು. ಪೋರ್ಚುಗಲ್ಲಿನ ದೊರೆ ಒಂದನೆಯ ಮನುವೆಲನು 16ನೇ ಶತಮಾನದ ಆರಂಭದಲ್ಲಿ ಸಿಂತ್ರಾ ಅರಮನೆಯ ಸಭಾಂಗಣವೊಂದರ ಛಾವಣಿಯಲ್ಲಿ 72 ಶ್ರೀಮಂತ ಮನೆತನಗಳ ಲಾಂಛನಗಳನ್ನು ಬರೆಸಿದನು. ಸೋಜ, ಪಿರೇರ, ನೊರೋನ್ಹ, ಲೋಬೊ ಮನೆತನಗಳವು ಅಲ್ಲಿವೆ. ಲೋಬೊ ಎಂದರೆ ತೋಳ. ಆ ಮನೆತನದ ಗುರಾಣಿಯ ಮೇಲೆ ತೋಳಗಳೇ ಇವೆ. ಆದರೆ ಇಲ್ಲೊಂದು ಮುಖ್ಯ ಸಂಗತಿಯನ್ನು ಮರೆಯಬಾರದು. ಲಾಂಛನವು ಒಬ್ಬ ವ್ಯಕ್ತಿಗೆ, ಅವನ ಸಂತತಿಗೆ ಸಲ್ಲುತ್ತಿತ್ತೇ ಹೊರತು ಆ ಹೆಸರನ್ನು ಹೊತ್ತ ಎಲ್ಲರಿಗೂ ಅಲ್ಲ. ‘ಡಿಸೋಜ ಲಾಂಛನ’ವೆಂದು ಮಾರಾಟವಾಗುವ ಚಿತ್ರವು ಎಲ್ಲ ಡಿಸೋಜರದಾಗಲಾರದು.

ಹಾಗಾದರೆ ನಮ್ಮವರಿಗೆ ಆ ಹೆಸರುಗಳು ಬಂದುದು ಹೇಗೆ? 1510ರಲ್ಲಿ ಗೋವೆಯು ಪೋರ್ಚುಗೀಸರ ವಶವಾದ ಮೇಲೆ, ಜ್ಞಾನಸ್ನಾನ ಪಡೆದವರು ಜ್ಞಾನಪಿತರ ಇಲ್ಲವೆ ಜ್ಞಾನಸ್ನಾನವಿತ್ತ ಗುರುಗಳ ಹೆಸರನ್ನು ತಳೆಯುವುದು ರೂಢಿಯಾಯಿತು. ಆದುದರಿಂದ ಒಂದೇ ಹೆಸರಿನ ಎರಡು ಕುಟುಂಬಗಳಿಗೆ ರಕ್ತಸಂಬಂಧವಿಲ್ಲದೆ ಇರಬಹುದು. ಒಂದೇ ಮೂಲದ ದಾಯಾದಿಗಳಿಗೆ ಬೇರೆ ಬೇರೆ ಹೆಸರುಗಳಿರಬಹುದು. ಫೆರ್ನಾಂಡಿಸ್ ಎಂದರೆ ಫೆರ್ನಾಂದೊ ಎಂಬುವನ ಮಗ, ರೊಡ್ರಿಗಸ್ ಎಂದರೆ ರೊಡ್ರಿಗೊ ಎಂಬುವನ ಮಗ. ಪಿರೇರವು ಒಂದು ಹಣ್ಣಿನ ಮರದ ಹೆಸರು, ಸೋಜವು ಉತ್ತರ ಪೋರ್ಚುಗಲ್ಲಿನ ಒಂದು ನದಿಯ ಹೆಸರು. ಪ್ರಭು, ಕಾಮತ್, ಶೆಣೈ, ಪೈ ಮುಂತಾದ ಹಿಂದಿನ ಮನೆತನದ ಹೆಸರುಗಳನ್ನು ಇಂದಿಗೂ ನೆನಪಿಟ್ಟುಕೊಂಡಿರುವ ಮಂಗಳೂರು ಕುಟುಂಬಗಳು ಅನೇಕ. ಗೋವೆಯಿಂದ ಕೆನರಾಕ್ಕೆ ಬಂದ ಈ ಜನರನ್ನು 1784ರಲ್ಲಿ ಟಿಪ್ಪು ಸುಲ್ತಾನನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು, ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಬಿಡುಗಡೆ ಹೊಂದಿದವರು ಹೊರೆಹೊತ್ತು ತಂದುದು ಲಾಂಛನವನ್ನಲ್ಲ, ವಿಶ್ವಾಸವನ್ನು. ಕಾಫಿ ತೋಟಗಳನ್ನು ಹುಡುಕಿಕೊಂಡು ಘಟ್ಟ ಹತ್ತಿ ಬೇಲೂರು, ಸಕಲೇಶಪುರಗಳ ಕಡೆಗೆ ಬಂದವರು ಅವರ ಮಕ್ಕಳು ಮೊಮ್ಮಕ್ಕಳು.

ಇನ್ನು, ತಮಗೆ ಮನೆತನದ ಹೆಸರಿಲ್ಲವೆಂದ ಆ ಹಿರಿಯರ ಕಡೆಗೆ ಬರೋಣ. ಅವರ ಹಳ್ಳಿಯಲ್ಲಿ ಚೌರಪ್ಪ, ಚಿನ್ನಪ್ಪ, ಅರುಳಪ್ಪ, ರಾಯಪ್ಪ, ಇನ್ನಾಸಪ್ಪ ಎಂಬ ಹೆಸರುಗಳು ತಲೆತಲಾಂತರದಿಂದ ಬಂದಿವೆ. ರಾಯಪ್ಪನೆಂದರೆ ಸಂತ ಪೇತ್ರ. ಇನ್ನಾಸಪ್ಪನೆಂದರೆ ಸಂತ ಇಗ್ನಾಸಿ. ಪೌಲನೆಂಬ ಲ್ಯಾಟಿನ್ ಹೆಸರಿಗೆ ಚಿಕ್ಕವನೆಂದರ್ಥ. ಅದೇ ತಮಿಳಿನ ಮೂಲಕ ಚಿನ್ನಪ್ಪ ಆಯಿತು. ಯೊವಾನ್ನನೆಂಬ ಹೀಬ್ರೂ ಹೆಸರಿನಲ್ಲಿರುವ ದೇವರ ಕೃಪೆಯೇ ಅರುಳಪ್ಪನಲ್ಲಿಯೂ ಇದೆ. ಚೌರಪ್ಪನು ಸಂತ ಫ್ರಾನ್ಸಿಸ್ ಕ್ಸೇವಿಯರ್.

ಕ್ಸೇವಿಯರ್ ಎಂಬುದಾದರೂ ಏನು? ಅದು ಸ್ಪೇನಿನ ನವಾರ್ರೆ ಪ್ರಾಂತದಲ್ಲಿರುವ ಒಂದು ಕೋಟೆಮನೆಯ ಹೆಸರು. ಬಾಸ್ಕ್ ಭಾಷೆಯಲ್ಲಿ ‘ಹೊಸ ಮನೆ’ ಎಂದರ್ಥ. ಪ್ಯಾರಿಸ್ಸಿನಲ್ಲಿ ಓದುತ್ತಿದ್ದ ತರುಣ ಫ್ರಾನ್ಸಿಸ್ ತಾನು ಕುಲೀನನೆಂಬುದಕ್ಕೆ ಅಧಿಕೃತ ಪತ್ರ ಬೇಕೆಂದು 1531ರಲ್ಲಿ ಕೋರಿಕೆ ಸಲ್ಲಿಸಿದನು. ಆ ಪತ್ರ ಮಂಜೂರಾದುದು 1536ರಲ್ಲಿ. ಅಷ್ಟರೊಳಗೆ, 1534ರ ಆಗಸ್ಟ್ 15ರಂದು, ಆತನು ಇಗ್ನಾಸಿಯವರೊಡನೆ ಮೊಂಮಾರ್ತ್ರ್ ಗುಡ್ಡದಲ್ಲಿ ಬಡತನದ ವ್ರತ ಕೈಗೊಂಡಾಗಿತ್ತು! ಕುಲದ ಪತ್ರವನ್ನು ಹಿಂದೆ ಬಿಟ್ಟು, 1542ರಲ್ಲಿ ಗೋವೆಗೆ ಬಂದಿಳಿದನು. ತನಗೆ ಮನೆತನದ ಹೆಸರಿಲ್ಲವೆಂದು ತಲೆತಗ್ಗಿಸುವ ನಮ್ಮ ಚೌರಪ್ಪನು ನಿಜವಾಗಿ ಒಂದು ದೊಡ್ಡ ಮನೆಯ ಹೆಸರನ್ನೇ ಹೊತ್ತಿದ್ದಾನೆ. ಆದರೆ ಆ ಹೆಸರಿಗೆ ಗೌರವ ಬಂದುದು ಕೋಟೆಯಿಂದಲ್ಲ, ಕೋಟೆಯನ್ನು ತೊರೆದವನಿಂದ.

ಈಗ ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಮನೆತನದ ಹೆಸರಿನ ಜಾಗದಲ್ಲಿ ಏನು ಬರೆಯುವುದೆಂದು ನಮ್ಮ ಯುವಕರು ತೊಡಕಿಗೆ ಸಿಲುಕುತ್ತಾರೆ. ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಬರೆದು ಬರುತ್ತಾರೆ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಬೇಲೂರಿನ ಶಿಲ್ಪಿಗಳು ತಮ್ಮ ಕೃತಿಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ: ಹೆಸರು, ಊರು, ತಂದೆ, ಇಷ್ಟೇ. ಒಂಬೈನೂರು ವರ್ಷಗಳ ಬಳಿಕವೂ ಅವರು ಯಾರೆಂದು ತಿಳಿಯಲು ಅಷ್ಟು ಸಾಕಾಗಿದೆ.

ನಮ್ಮ ಜ್ಞಾನಸ್ನಾನದ ದಫ್ತರವೂ ಇದೇ ಕ್ರಮದಲ್ಲಿದೆ. ಇಂತಹ ದಫ್ತರಗಳನ್ನು ಇಡಬೇಕೆಂದು 1563ರಲ್ಲಿ ಟ್ರೆಂಟ್ ಮಹಾಸಭೆ ವಿಧಿಸಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 877ನೆಯ ವಿಧಿಯಂತೆ ಅದರಲ್ಲಿ ಮಗುವಿನ ಹೆಸರು, ತಂದೆತಾಯಿ, ಜ್ಞಾನಪಿತೃಗಳು, ಗುರು, ಸ್ಥಳ, ದಿನಾಂಕಗಳು ಇರಬೇಕು. ಕುಲವನ್ನೂ ಲಾಂಛನವನ್ನೂ ಅದು ಕೇಳುವುದಿಲ್ಲ. ತೋಟದ ಧಣಿಯ ಮಗುವೂ ಕೂಲಿಯಾಳಿನ ಮಗುವೂ ಒಂದೇ ಪುಟದಲ್ಲಿ ಒಬ್ಬರ ಕೆಳಗೊಬ್ಬರು ಬರುತ್ತಾರೆ. ಮೊದಲು ಬಂದವರ ಹೆಸರು ಮೇಲೆ, ಆಮೇಲೆ ಬಂದವರದು ಕೆಳಗೆ, ಅಷ್ಟೆ. ಮನೆತನದ ಮೂಲವನ್ನು ಹುಡುಕುವವರು ಇಲ್ಲಿಂದ ಆರಂಭಿಸಲಿ. ಹಿರಿಯರನ್ನು ಅವರು ಇರುವಾಗಲೇ ಕೇಳಲಿ. ಸಮಾಧಿ ಕಲ್ಲುಗಳನ್ನು ಓದಲಿ. ಗೋವೆಯವರೆಗೆ ಹೋಗಬಲ್ಲವರಿಗೆ 1595ರಲ್ಲಿ ಸ್ಥಾಪಿತವಾದ ಪತ್ರಾಗಾರ ಪಣಜಿಯಲ್ಲಿದೆ.

ನಮ್ಮ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯವನ್ನು ಹೇಮಾವತಿ ಜಲಾಶಯದ ಹಿನ್ನೀರು ಮಳೆಗಾಲದಲ್ಲಿ ಸುತ್ತುವರಿಯುವುದನ್ನು ಕಂಡವರು ಬಲ್ಲರು: ಕಲ್ಲುಗೋಡೆಯೂ ಮುಳುಗುತ್ತದೆ. ಅಲ್ಲಿ ಜ್ಞಾನಸ್ನಾನ ಹೊಂದಿದವರ ವಿಶ್ವಾಸ ಮಾತ್ರ ಮುಳುಗಲಿಲ್ಲ. ಅದು ಅವರ ಮಕ್ಕಳೊಡನೆ ಹೊಸ ಊರುಗಳಿಗೆ ಹೋಯಿತು.

ಆದಕಾರಣ ಈ ಸಂಚಿಕೆಯ ಪಟ್ಟಿಯಲ್ಲಿ ಗುರಾಣಿಗಳನ್ನು ಮುದ್ರಿಸಿಲ್ಲ. ಚಿತ್ರಪಟ ತಂದವರು ಬೇಸರಿಸಬಾರದು. ಅದು ಅವರ ಮನೆಯ ಗೋಡೆಯ ಮೇಲೆ ಅಂದವಾಗಿಯೇ ಇರಲಿ. ದಫ್ತರದಲ್ಲಿ ಯಾವ ಕುಟುಂಬದ ಹೆಸರು ಮೊದಲು ದಾಖಲಾಯಿತೋ ಆ ಕ್ರಮದಲ್ಲಿಯೇ ಪಟ್ಟಿಯನ್ನು ಸಿದ್ಧಪಡಿಸಿದ್ದೇವೆ. ಕೊನೆಯಲ್ಲಿ ಸೇರಿಸಿರೆಂದ ಹಿರಿಯರು ತಮ್ಮ ಮುತ್ತಜ್ಜನ ಹೆಸರನ್ನು ಮೊದಲನೆಯ ಪುಟದಲ್ಲಿಯೇ ಕಾಣುವರು. ಪಟ್ಟಿಯ ಮೇಲ್ಗಡೆ ಒಂದೇ ಒಂದು ಲಾಂಛನವಿದೆ. ಅದು ಪವಿತ್ರ ಶಿಲುಬೆ. ಜ್ಞಾನಸ್ನಾನದ ದಿನ ನಮ್ಮೆಲ್ಲರ ಹಣೆಯ ಮೇಲೆ ಬರೆದುದು ಅದನ್ನೇ.