ಊರ ನೆಲದ ಲೆಕ್ಕ: ಅಮೆರಿಕದ ಸಣ್ಣ ವಿಮಾನ ನಿಲ್ದಾಣಗಳ ನೂರು ವರ್ಷ

ಅಮೆರಿಕದಲ್ಲಿ ಸಾರ್ವಜನಿಕ ಬಳಕೆಗೆ ತೆರೆದಿರುವ ವಿಮಾನ ನಿಲ್ದಾಣಗಳು ಸುಮಾರು 5,000. ವೇಳಾಪಟ್ಟಿಯಂತೆ ಬಂದುಹೋಗುವ ಪ್ರಯಾಣಿಕ ವಿಮಾನದ ಮುಖ ಕಾಣುವುದು ಅವುಗಳಲ್ಲಿ ಹತ್ತಕ್ಕೆ ಒಂದು ಮಾತ್ರ. ಉಳಿದವುಗಳಲ್ಲಿ ಬಹುಪಾಲು ಸಣ್ಣ ಊರುಗಳ ಅಂಚಿನಲ್ಲಿವೆ: ಒಂದು ರನ್‌ವೇ, ಒಂದಿಷ್ಟು ಹ್ಯಾಂಗರ್‌ಗಳು, ಇಂಧನದ ಟ್ಯಾಂಕು, ಪುಟ್ಟದೊಂದು ಕಚೇರಿ. ಇಂಥವುಗಳ ಒಡೆತನ ಹೆಚ್ಚಾಗಿ ನಗರಸಭೆಯದು, ಇಲ್ಲವೇ ಕೌಂಟಿಯದು. ನಡೆಸುವ ಹೊಣೆ ಒಬ್ಬ ಮ್ಯಾನೇಜರ್ ಮತ್ತು ಬೆರಳೆಣಿಕೆಯ ನೌಕರರದು. ರನ್‌ವೇ ಮೇಲೆ ಕಲ್ಲುಚೂರು ಬಿದ್ದಿದೆಯೇ ಎಂದು ನೋಡುವುದು, ದೀಪ ಕೆಟ್ಟರೆ ಸರಿಪಡಿಸುವುದು, ಹ್ಯಾಂಗರ್‌ಗೆ ಬಾಡಿಗೆದಾರರನ್ನು ಹುಡುಕುವುದು, ಖಾಲಿ ಜಾಗಕ್ಕೆ ಕಾರ್ಖಾನೆಯೊಂದನ್ನು ಕರೆತರುವುದು, ಕೊನೆಗೆ ನಗರಸಭೆಯ ಮುಂದೆ ಆಯವ್ಯಯ ಒಪ್ಪಿಸುವುದು, ಇವೆಲ್ಲ ಅದೇ ಕೆಲವರ ಕೆಲಸ. ಟಿಕೆಟ್ ಕೊಂಡ ಪ್ರಯಾಣಿಕನೇ ಇಲ್ಲದ ಇಂಥ ನಿಲ್ದಾಣಗಳು ಇಷ್ಟು ಕಾಲ ಬಾಳಿದ್ದು ಹೇಗೆ? ಅವುಗಳ ಚರಿತ್ರೆಯನ್ನು ನೋಡಿದರೆ ಒಂದು ಉತ್ತರ ಸ್ಪಷ್ಟವಾಗಿ ಕಾಣುತ್ತದೆ. ಸಣ್ಣ ಊರಿನ ನಿಲ್ದಾಣವನ್ನು ಹಾರಾಟದ ಆದಾಯ ಎಂದೂ ಸಾಕಿಲ್ಲ. ತನ್ನ ನೆಲ ಊರಿನ ದುಡಿಮೆಗೆ ಒದಗಿದಷ್ಟು ಕಾಲ ಅದು ಉಳಿದಿದೆ; ಆ ನಂಟು ಕಡಿದ ಕಡೆ, ಎಂಥ ದೊಡ್ಡ ಹೆಸರಿದ್ದರೂ ಅದಕ್ಕೆ ಉಳಿಗಾಲವಿಲ್ಲದಂತಾಗಿದೆ.

ಮೊದಲ ಪಾಠ ಬಹಳ ಬೇಗನೆ ಸಿಕ್ಕಿತ್ತು. 1914ರ ಜನವರಿ 1ರಂದು ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಕೊಲ್ಲಿಯಾಚೆಯ ಟ್ಯಾಂಪಾಕ್ಕೆ ಹಾರಿದ ಪುಟ್ಟ ನೀರುವಿಮಾನವೇ ಜಗತ್ತಿನ ಮೊದಲ ವೇಳಾಪಟ್ಟಿಯ ವಿಮಾನ ಸೇವೆ ಎಂದು ಗುರುತಿಸಲ್ಪಟ್ಟಿದೆ. ಚಾಲಕ ಟೋನಿ ಜಾನಸ್. ಪ್ರಯಾಣಿಕ ಒಬ್ಬನೇ, ಊರಿನ ಮಾಜಿ ಮೇಯರ್ ಅಬ್ರಾಮ್ ಫೈಲ್. ಆ ಒಂದು ಆಸನವನ್ನು ಆತ ಹರಾಜಿನಲ್ಲಿ 400 ಡಾಲರ್ ಕೊಟ್ಟು ಕೊಂಡಿದ್ದ. ಹಾರಾಟ ಮುಗಿದದ್ದು 23 ನಿಮಿಷದಲ್ಲಿ. ಮುಂದೆ ದಿನನಿತ್ಯದ ಟಿಕೆಟ್ ದರ 5 ಡಾಲರ್ ಆಯಿತು. ಅದರಿಂದ ಖರ್ಚು ಹುಟ್ಟುವುದಿಲ್ಲವೆಂದು ಮೊದಲೇ ತಿಳಿದಿದ್ದ ಊರಿನವರು ನಷ್ಟ ತುಂಬಿಕೊಡುವ ಭರವಸೆ ನೀಡಿದ್ದರು. ಚಳಿಗಾಲದ ಪ್ರವಾಸಿಗರು ಊರು ಬಿಟ್ಟು ಹೋದರು, ಸೇವೆ ನಾಲ್ಕೇ ತಿಂಗಳಲ್ಲಿ ನಿಂತಿತು. ಜನರಿಗೆ ಉತ್ಸಾಹವಿತ್ತು, ಯಂತ್ರ ಚೆನ್ನಾಗಿಯೇ ಹಾರುತ್ತಿತ್ತು. ಆದರೂ ಸೀಟು ಮಾರಿದ ಹಣದಿಂದಲೇ ಸಣ್ಣ ಊರಿನ ವಿಮಾನಯಾನ ನಡೆಯುವುದಿಲ್ಲ ಎಂಬುದು ಆ ಉದ್ಯಮದ ಮೊದಲ ವರ್ಷದಲ್ಲಿಯೇ ಸಾಬೀತಾಯಿತು.

ಆಮೇಲೆ ಊರುಗಳನ್ನು ಈ ವ್ಯವಹಾರಕ್ಕೆ ಎಳೆದದ್ದು ಅಂಚೆ. 1918ರ ಮೇ ತಿಂಗಳಲ್ಲಿ ವಿಮಾನ ಅಂಚೆ ಶುರುವಾಯಿತು. ಖಂಡದ ಒಂದು ತುದಿಯಿಂದ ಇನ್ನೊಂದು ತುದಿಗೆ ಮಾರ್ಗ ಬೆಳೆದಂತೆಲ್ಲ ಇಳಿಯುವ ಮೈದಾನವನ್ನು ನಿಮ್ಮ ಖರ್ಚಿನಲ್ಲೇ ಮಾಡಿಕೊಡಿ ಎಂದು ಅಂಚೆ ಇಲಾಖೆ ದಾರಿಯ ಊರುಗಳನ್ನು ಒತ್ತಾಯಿಸಿತು. 1926ರ ವಿಮಾನ ವಾಣಿಜ್ಯ ಕಾಯ್ದೆ ಈ ಹೊಣೆ ಹಂಚಿಕೆಯನ್ನು ಗಟ್ಟಿ ಮಾಡಿತು. ಆಕಾಶಮಾರ್ಗ, ದೀಪಸ್ತಂಭ, ಚಾಲಕರ ಪರವಾನಗಿ ಒಕ್ಕೂಟ ಸರ್ಕಾರದ ಪಾಲಿಗೆ ಬಂದವು. ವಿಮಾನ ನಿಲ್ದಾಣ ಕಟ್ಟುವುದನ್ನು ಮಾತ್ರ ಕಾಯ್ದೆಯೇ ಅದರ ಕೈಯಿಂದ ಹೊರಗಿಟ್ಟಿತು. ಹಡಗಿನ ದಾರಿ ದೇಶದ್ದು, ಹಡಗುಕಟ್ಟೆ ಊರಿನದು ಎಂಬ ಹಳೆಯ ಬಂದರು ಪದ್ಧತಿಯೇ ಇದಕ್ಕೆ ಮಾದರಿ. ಆ ಕಾಯ್ದೆಗೂ ಒಂದು ವರ್ಷ ಮೊದಲೇ, 1925ರಲ್ಲಿ, ಅಟ್ಲಾಂಟಾದ ಮೇಯರ್ ವಾಲ್ಟರ್ ಸಿಮ್ಸ್ ಕೋಕಾಕೋಲಾ ಸಿರಿವಂತ ಏಸಾ ಕ್ಯಾಂಡ್ಲರ್‌ಗೆ ಸೇರಿದ್ದ, ಪಾಳುಬಿದ್ದಿದ್ದ ಕಾರ್ ರೇಸ್ ಮೈದಾನವನ್ನು ಐದು ವರ್ಷದ ಗುತ್ತಿಗೆಗೆ ಪಡೆದಿದ್ದರು. 287 ಎಕರೆ ನೆಲ, ಬಾಡಿಗೆ ಇಲ್ಲ. 1929ರಲ್ಲಿ ನಗರ ಅದನ್ನು 94,400 ಡಾಲರ್‌ಗೆ ಕೊಂಡುಕೊಂಡಿತು. ಜಗತ್ತಿನ ಅತಿ ಹೆಚ್ಚು ಜನದಟ್ಟಣೆಯ ನಿಲ್ದಾಣಗಳಲ್ಲಿ ಒಂದೆನಿಸಿದ ಹಾರ್ಟ್ಸ್‌ಫೀಲ್ಡ್‌–ಜಾಕ್ಸನ್ ಬೆಳೆದದ್ದು ಇದೇ ಜಾಗದಲ್ಲಿ. 1927ರಲ್ಲಿ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿ ಬಂದ ಚಾಲಕ ಲಿಂಡ್‌ಬರ್ಗ್ ಅದೇ ವರ್ಷ 48 ರಾಜ್ಯಗಳನ್ನೂ ಸುತ್ತಿದಾಗ, ಇಳಿಯಲು ಮೈದಾನವಿಲ್ಲದ ಊರು ಹಿಂದುಳಿದ ಊರು ಎಂಬ ಭಾವನೆ ದೇಶದ ತುಂಬ ಹರಡಿತು.

ಊರಿನ ತೆರಿಗೆ ಹಣವನ್ನು ಇದಕ್ಕೆ ಸುರಿಯಬಹುದೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ವಿಮಾನ ಏರುವವರು ಕೆಲವೇ ಶ್ರೀಮಂತರು, ಅವರ ಸುಖಕ್ಕೆ ಎಲ್ಲರೂ ಏಕೆ ತೆರಬೇಕು ಎಂದು ತೆರಿಗೆದಾರರು ನ್ಯಾಯಾಲಯಕ್ಕೆ ಹೋದರು. 1928ರಲ್ಲಿ ಎರಡು ತೀರ್ಪುಗಳು ಬಂದವು. ಮಿಸೌರಿಯ ಸುಪ್ರೀಂ ಕೋರ್ಟ್ ಡೈಸರ್ಟ್ ಪ್ರಕರಣದಲ್ಲಿ ಸೇಂಟ್ ಲೂಯಿಸ್ ನಗರದ ಪರವಾಗಿಯೂ, ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯದಲ್ಲಿ ಮುಖ್ಯ ನ್ಯಾಯಾಧೀಶ ಬೆಂಜಮಿನ್ ಕಾರ್ಡೋಜೊ ಹೆಸ್ ಪ್ರಕರಣದಲ್ಲಿ ಯೂಟಿಕಾ ನಗರದ ಪರವಾಗಿಯೂ ತೀರ್ಪಿತ್ತರು. ಹಡಗುಕಟ್ಟೆ, ಸೇತುವೆ, ಬೀದಿ ಕಟ್ಟುವುದು ನಗರದ ಕೆಲಸವಾದರೆ ವಿಮಾನ ನಿಲ್ದಾಣವೂ ನಗರದ ಕೆಲಸವೇ ಎಂಬುದು ಕಾರ್ಡೋಜೊ ವಾದದ ತಿರುಳು. ಮುಂದಾಲೋಚನೆ ಇಲ್ಲದ ಊರು ಸ್ಪರ್ಧೆಯಲ್ಲಿ ಹಿಂದೆ ಬೀಳುತ್ತದೆ, ಅದರ ಬೆಲೆಯನ್ನು ಹೊರಗಿನಿಂದ ಬಂದವನಿಗಿಂತ ಊರಿನವನೇ ಹೆಚ್ಚು ತೆರುತ್ತಾನೆ ಎಂದೂ ಅವರು ಎಚ್ಚರಿಸಿದರು. ನನ್ನ ವಾದಕ್ಕೆ ಈ ತೀರ್ಪು ಬಹಳ ಮುಖ್ಯ. ವಿಮಾನ ಏರುವವರೆಷ್ಟು ಜನ ಎಂಬ ಲೆಕ್ಕವನ್ನು ಅದು ಅಳತೆಗೋಲಾಗಿ ಒಪ್ಪಲಿಲ್ಲ. ಊರಿಗೆ ಆಗುವ ಪ್ರಯೋಜನವನ್ನು ನೋಡಿತು. ಆ ಅಳತೆಗೋಲು ಎರಡೂ ಕಡೆ ಅಳೆಯುತ್ತದೆ: ಪ್ರಯೋಜನ ಕಾಣದಿದ್ದಾಗ ಊರು ಆ ನೆಲವನ್ನು ಬೇರೆ ಕಣ್ಣಿನಿಂದ ನೋಡುವುದೂ ನ್ಯಾಯವೇ ಆಗುತ್ತದೆ.

ಆರ್ಥಿಕ ಕುಸಿತದ ವರ್ಷಗಳಲ್ಲಿ ರೂಸ್‌ವೆಲ್ಟ್ ಸರ್ಕಾರದ ಉದ್ಯೋಗ ಯೋಜನೆಗಳು ನೂರಾರು ನಿಲ್ದಾಣಗಳನ್ನು ಕಟ್ಟಿದವು, ದುರಸ್ತಿ ಮಾಡಿದವು. ಎರಡನೇ ಮಹಾಯುದ್ಧ ಮುಗಿದಾಗ ಸೇನೆಗೆ ಬೇಡವಾದ ನೂರಾರು ವಾಯುನೆಲೆಗಳು, 1944ರ ಹೆಚ್ಚುವರಿ ಆಸ್ತಿ ಕಾಯ್ದೆ ಮತ್ತು ಅದರ ತಿದ್ದುಪಡಿಯ ಮೂಲಕ, ಸ್ಥಳೀಯ ಸಂಸ್ಥೆಗಳ ಕೈಗೆ ಬಂದವು. ಮುಖ್ಯ ಷರತ್ತು: ವಿಮಾನ ನಿಲ್ದಾಣವಾಗಿಯೇ ನಡೆಸಬೇಕು. 1946ರಲ್ಲಿ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ವಿಮಾನ ನಿಲ್ದಾಣ ಕಾಯ್ದೆ 50 ಕೋಟಿ ಡಾಲರ್ ತೆಗೆದಿರಿಸಿತು; ಊರು ಅರ್ಧ ಹಾಕಿದರೆ ಒಕ್ಕೂಟ ಅರ್ಧ ಹಾಕುವುದು ಸಾಮಾನ್ಯ ನಿಯಮ. ಹೀಗೆ ಕೆಲವೇ ಸಾವಿರ ಜನಸಂಖ್ಯೆಯ ಊರುಗಳಿಗೂ ಬಾಂಬರ್ ಇಳಿಯಬಲ್ಲ ಕಾಂಕ್ರೀಟು ಸಿಕ್ಕಿತು. ರನ್‌ವೇ ಬಂತು, ಅದರ ಸುತ್ತಲಿನ ನೂರಾರು ಎಕರೆಯನ್ನು ಏನು ಮಾಡಬೇಕೆಂಬ ಪ್ರಶ್ನೆಯೂ ಜೊತೆಗೇ ಬಂತು. ನಿಲ್ದಾಣದ ಮ್ಯಾನೇಜರ್ ಎಂಬ ವೃತ್ತಿ ನಿಜವಾದ ರೂಪ ಪಡೆದದ್ದು ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ.

ಯುದ್ಧಾನಂತರ ಸರ್ಕಾರದ ಸಹಾಯಧನದ ಬಲದಿಂದ ಡಿಸಿ–3 ವಿಮಾನಗಳು ಸಣ್ಣ ಊರುಗಳಿಗೂ ಬರುತ್ತಿದ್ದವು. ಜೆಟ್ ಬಂದ ಮೇಲೆ ಕಂಪನಿಗಳಿಗೆ ಇಪ್ಪತ್ತು ಜನರಿಗಾಗಿ ಇಳಿಯುವುದು ದುಬಾರಿಯಾಯಿತು. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾಯ್ದೆ ವಿಮಾನ ಕಂಪನಿಗಳ ಮೇಲಿನ ನಿಯಂತ್ರಣವನ್ನು ತೆಗೆದುಹಾಕಿತು: ಲಾಭವಿಲ್ಲದ ಊರನ್ನು ಅವು ಬಿಡಬಹುದಾಯಿತು. ಊರುಗಳು ಒಮ್ಮೆಲೇ ಅನಾಥವಾಗದಿರಲೆಂದು ಹತ್ತು ವರ್ಷದ ಮಟ್ಟಿಗೆ ಅಗತ್ಯ ವಿಮಾನ ಸೇವೆ ಎಂಬ ಸಹಾಯಧನ ಯೋಜನೆ ಬಂತು. ನಲವತ್ತು ವರ್ಷ ದಾಟಿದರೂ ಅದು ಇನ್ನೂ ಮುಂದುವರಿದಿದೆ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಂಡ ಸತ್ಯವನ್ನೇ ಇದು ದೇಶದ ಮಟ್ಟದಲ್ಲಿ ಮತ್ತೆ ತೋರಿಸಿತು. ದೂರದ ಊರಿಗೆ ಸೀಟಿನ ಸಹಾಯಧನ ಬೇಕಾಗಬಹುದು. ಆದರೆ ಆ ಹಣದ ಮೇಲೆ ನಿಂತ ಸೇವೆಗೆ ಸ್ವಂತ ಕಾಲು ಬರುವುದು ಅಪರೂಪ.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. ನಿಲ್ದಾಣಗಳನ್ನು ಸಾಕಿದ್ದು ನೆಲವೂ ಅಲ್ಲ, ಊರೂ ಅಲ್ಲ. ವಾಷಿಂಗ್ಟನ್ನಿನ ಅನುದಾನ ನಿಂತರೆ ಇವೆಲ್ಲ ಹುಲ್ಲು ಬೆಳೆದು ಮುಚ್ಚಿಹೋಗುತ್ತವೆ ಎನ್ನಬಹುದು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಇಂದು ಸಣ್ಣ ನಿಲ್ದಾಣದ ರನ್‌ವೇ ಹೊಸದಾಗಿ ಹಾಕಿಸಿದರೆ ವೆಚ್ಚದ ಸುಮಾರು ಶೇ 90ರಷ್ಟು ಒಕ್ಕೂಟದಿಂದ ಬರುತ್ತದೆ, ಅದೂ ಬಹುಪಾಲು ವಿಮಾನ ಪ್ರಯಾಣಿಕರು ತೆರುವ ತೆರಿಗೆಯ ನಿಧಿಯಿಂದ. ಆದರೆ ಆ ಹಣ ಕಾಮಗಾರಿಗೆ. ಸಂಬಳ, ವಿದ್ಯುತ್ತು, ಹುಲ್ಲು ಕಡಿಸುವುದು, ಹಿಮ ತೆಗೆಸುವುದು, ವಿಮೆ, ಇಂಥ ನಿತ್ಯದ ಖರ್ಚನ್ನು ಊರೇ ಹುಟ್ಟಿಸಿಕೊಳ್ಳಬೇಕು. ಅದಕ್ಕಿರುವ ದಾರಿಗಳು ಕೆಲವೇ: ಹ್ಯಾಂಗರ್ ಬಾಡಿಗೆ, ಮಾರಿದ ಇಂಧನದ ಮೇಲಿನ ಪಾಲು, ವಿಮಾನ ರಿಪೇರಿ ಅಂಗಡಿ ಹಾಗೂ ಹಾರಾಟ ಶಾಲೆಗಳ ಗುತ್ತಿಗೆ, ರನ್‌ವೇ ಪಕ್ಕದ ಖಾಲಿ ನೆಲದಲ್ಲಿ ಬೆಳೆ ತೆಗೆಯುವ ರೈತನ ಗೇಣಿ, ಬೇಲಿಯಂಚಿನ ಕೈಗಾರಿಕಾ ನಿವೇಶನಗಳ ಬಾಡಿಗೆ. 1982ರ ಕಾಯ್ದೆಯಿಂದೀಚೆಗೆ ಅನುದಾನ ಪಡೆದ ನಿಲ್ದಾಣದ ಆದಾಯವನ್ನು ಊರು ಬೇರೆ ಕೆಲಸಕ್ಕೆ ತಿರುಗಿಸುವಂತಿಲ್ಲ. ಹೀಗಾಗಿ ವ್ಯಾಪಾರ ಬೆಳೆಸುವುದು ಮತ್ತು ದಿನದ ಕಾರ್ಯಾಚರಣೆ ನಡೆಸುವುದು ಬೇರೆ ಬೇರೆ ಕೆಲಸಗಳಾಗಿ ಉಳಿಯಲಿಲ್ಲ. ಒಂದೇ ಕೈ ಎರಡನ್ನೂ ಹಿಡಿಯಬೇಕಾಯಿತು. ಕಷ್ಟಕಾಲದಲ್ಲಿ ಇದು ಪರೀಕ್ಷೆಗೆ ಬಂತು. 1978ರಲ್ಲಿ ಅಮೆರಿಕದ ಕಾರ್ಖಾನೆಗಳು 17,000ಕ್ಕೂ ಹೆಚ್ಚು ಸಣ್ಣ ವಿಮಾನಗಳನ್ನು ತಯಾರಿಸಿದ್ದವು. 1994ರ ಹೊತ್ತಿಗೆ ಅದು ಸಾವಿರಕ್ಕಿಂತ ಕೆಳಗಿಳಿಯಿತು. ಹಾರಾಟವನ್ನಷ್ಟೇ ನಂಬಿದ್ದರೆ ಆ ಹದಿನಾರು ವರ್ಷದಲ್ಲಿ ನಿಲ್ದಾಣಗಳು ಸಾಲುಸಾಲಾಗಿ ಮುಚ್ಚಬೇಕಿತ್ತು. ಬಹುಪಾಲು ಉಳಿದವು.

ನೆಲವನ್ನು ದುಡಿಸಿದ್ದಕ್ಕೆ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಮೊಹಾವಿ ಒಳ್ಳೆಯ ನಿದರ್ಶನ. 1935ರಲ್ಲಿ ಸುತ್ತಲಿನ ಗಣಿಗಳಿಗೆಂದು ಮಾಡಿದ ಮಣ್ಣಿನ ಪಟ್ಟಿ ಅದು. ಯುದ್ಧಕಾಲದಲ್ಲಿ ನೌಕಾದಳದ ಮರೀನ್ ಪಡೆಯ ನೆಲೆಯಾಗಿ, ಆಮೇಲೆ ಕೌಂಟಿಯ ಕೈ ಸೇರಿತು. ಡ್ಯಾನ್ ಸಬೊವಿಚ್ ಎಂಬ ಕೃಷಿಕ ಪಟ್ಟುಹಿಡಿದು ದುಡಿದ ಫಲವಾಗಿ 1972ರಲ್ಲಿ ಮತದಾರರೇ ಆರಿಸುವ ಪ್ರತ್ಯೇಕ ವಿಮಾನ ನಿಲ್ದಾಣ ಮಂಡಳಿ ರಚನೆಯಾಯಿತು; ಮೂರು ದಶಕದ ಕಾಲ ಆತನೇ ಅದನ್ನು ನಡೆಸಿದ. ಪ್ರಯಾಣಿಕರು ಬರುವ ಊರಲ್ಲ ಎಂದು ಒಪ್ಪಿಕೊಂಡು, ತನ್ನಲ್ಲಿರುವುದೇನು ಎಂದು ಮೊಹಾವಿ ನೋಡಿಕೊಂಡಿತು. ಒಣ ಹವೆ, ಬೇಕಾದಷ್ಟು ಜಾಗ, ಉದ್ದದ ರನ್‌ವೇ, ಸುತ್ತ ಬರಿದಾದ ಆಕಾಶ. ಒಣ ಹವೆಯಲ್ಲಿ ಲೋಹ ತುಕ್ಕು ಹಿಡಿಯುವುದು ನಿಧಾನ. ಹಾಗಾಗಿ ಕೆಲಸವಿಲ್ಲದ ದೊಡ್ಡ ವಿಮಾನಗಳನ್ನು ನಿಲ್ಲಿಸಿಕೊಳ್ಳುವುದೇ ಒಂದು ವ್ಯಾಪಾರವಾಯಿತು. ಬರಿದಾದ ಆಕಾಶ ಪ್ರಯೋಗ ಹಾರಾಟಕ್ಕೆ ಹೇಳಿ ಮಾಡಿಸಿದ್ದು. ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಇಲ್ಲಿಯೇ ಕಾರ್ಯಾಗಾರ ತೆರೆದರು. 2004ರ ಜೂನ್‌ನಲ್ಲಿ ಅವರ ಸ್ಪೇಸ್‌ಶಿಪ್‌ಒನ್ ಈ ರನ್‌ವೇಯಿಂದ ಹೊರಟು ಬಾಹ್ಯಾಕಾಶದ ಅಂಚು ಮುಟ್ಟಿ ಬಂದಿತು. ಸರ್ಕಾರದ ಹಣವಿಲ್ಲದೆ ಬಾಹ್ಯಾಕಾಶಕ್ಕೆ ಮನುಷ್ಯನನ್ನು ಒಯ್ದ ಮೊದಲ ವಾಹನ ಅದು.

ಇದಕ್ಕೆ ವಿರುದ್ಧವಾದ ಕಥೆ ಅದೇ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದ್ದು. 1924ರಲ್ಲಿ ಮೊದಲ ವಿಶ್ವಪರ್ಯಟನೆ ಮಾಡಿದ ಡಗ್ಲಸ್ ವಿಮಾನಗಳು ಹುಟ್ಟಿದ ಊರು, ಡಿಸಿ–3 ತಯಾರಾದ ಊರು. ಯುದ್ಧಕಾಲದಲ್ಲಿ ಡಗ್ಲಸ್ ಕಾರ್ಖಾನೆಯಲ್ಲಿ ಸಾವಿರಾರು ಜನ ದುಡಿಯುತ್ತಿದ್ದರು. ಊರಿನ ಅನ್ನ ಆ ನೆಲದಲ್ಲೇ ಬೇಯುತ್ತಿತ್ತು. ಜೆಟ್ ಯುಗಕ್ಕೆ ರನ್‌ವೇ ಉದ್ದ ಸಾಲದಾಯಿತು, ವಿಸ್ತರಣೆಗೆ ಊರು ಒಪ್ಪಲಿಲ್ಲ, ಕೆಲಸ ಲಾಂಗ್ ಬೀಚ್‌ಗೆ ಹೋಯಿತು. ದುಡಿಮೆ ಹೋದ ಮೇಲೆ ಊರಿಗೆ ಉಳಿದದ್ದು ಶಬ್ದ. 1981ರಲ್ಲಿಯೇ ನಿಲ್ದಾಣ ಮುಚ್ಚುವ ನಿರ್ಣಯವನ್ನು ನಗರಸಭೆ ಮಾಡಿತು. ದೀರ್ಘ ವ್ಯಾಜ್ಯದ ನಂತರ 2017ರಲ್ಲಿ ಆದ ಒಪ್ಪಂದದಂತೆ ರನ್‌ವೇಯನ್ನು 3,500 ಅಡಿಗೆ ಮೊಟಕು ಮಾಡಲಾಯಿತು. 2028ರ ಡಿಸೆಂಬರ್ 31ರ ನಂತರ ಅದನ್ನು ಮುಚ್ಚಲು ನಗರಕ್ಕೆ ಹಕ್ಕು ಸಿಕ್ಕಿತು. ಷಿಕಾಗೋದಲ್ಲಿ ಇಷ್ಟು ತಾಳ್ಮೆಯೂ ಇರಲಿಲ್ಲ. 2003ರ ಮಾರ್ಚ್ 30ರ ರಾತ್ರಿ ಮೇಯರ್ ರಿಚರ್ಡ್ ಡೇಲಿ ಆದೇಶದ ಮೇರೆಗೆ ಬುಲ್ಡೋಜರ್‌ಗಳು ಸರೋವರದ ದಂಡೆಯ ಮೇಗ್ಸ್ ಫೀಲ್ಡಿನ ರನ್‌ವೇಯನ್ನು ಅಗೆದು ಹಾಕಿದವು. ನಗರ ಕಟ್ಟಿದ ದಂಡ 33,000 ಡಾಲರ್, ಹಿಂದಿರುಗಿಸಿದ ಅನುದಾನ 10 ಲಕ್ಷ ಡಾಲರ್. ಆ ನಡುರಾತ್ರಿಯ ರೀತಿ ಪ್ರಜಾಪ್ರಭುತ್ವಕ್ಕೆ ಒಪ್ಪುವಂಥದಲ್ಲ. ಆದರೂ ಅದು ಕಲಿಸುವ ಪಾಠ ಸ್ಪಷ್ಟ: ಊರಿಗೆ ಬೇಡವಾದ ನಿಲ್ದಾಣವನ್ನು ಒಕ್ಕೂಟದ ಷರತ್ತು ಸ್ವಲ್ಪ ಕಾಲ ತಡೆದು ನಿಲ್ಲಿಸಬಹುದು, ಬದುಕಿಸಲಾರದು.

ಮುಚ್ಚಬೇಕೆನ್ನುವವರ ವಾದವನ್ನು ತಳ್ಳಿಹಾಕುವುದೂ ಸರಿಯಲ್ಲ. ಅಮೆರಿಕದ ಗಾಳಿಗೆ ಸೀಸ ಸೇರಿಸುವ ಅತಿ ದೊಡ್ಡ ಮೂಲ ಇಂದು ಸಣ್ಣ ವಿಮಾನಗಳ ಸೀಸಭರಿತ ಪೆಟ್ರೋಲು. ಅದರಿಂದ ಆರೋಗ್ಯಕ್ಕೆ ಅಪಾಯವಿದೆಯೆಂದು ಅಲ್ಲಿನ ಪರಿಸರ ಸಂಸ್ಥೆ 2023ರಲ್ಲಿ ಅಧಿಕೃತವಾಗಿ ಹೇಳಿತು. ರನ್‌ವೇ ಪಕ್ಕದ ಮನೆಯ ಮಗುವಿನ ಆರೋಗ್ಯವನ್ನು ಯಾವ ಹ್ಯಾಂಗರ್ ಬಾಡಿಗೆಯೂ ಸರಿತೂಗಲಾರದು. ಇನ್ನೊಂದು ಕಡೆ, ಆಂಬುಲೆನ್ಸ್ ವಿಮಾನ ಇಳಿಯುವುದು, ಕಾಡ್ಗಿಚ್ಚು ನಂದಿಸುವ ವಿಮಾನ ನೀರು ತುಂಬಿಕೊಳ್ಳುವುದು, ಹೊಲಕ್ಕೆ ಔಷಧಿ ಸಿಂಪಡಿಸುವವನು ಹೊರಡುವುದು ಇಂಥ ನಿಲ್ದಾಣಗಳಿಂದಲೇ. ಇವು ಆದಾಯದ ಪುಸ್ತಕದಲ್ಲಿ ಕಾಣುವುದಿಲ್ಲ, ಆದ್ದರಿಂದ ಲಾಭನಷ್ಟದ ಮಾತೇ ತಪ್ಪು ಎಂಬ ವಾದವೂ ಇದೆ. ಸೇವೆಯನ್ನು ಲಾಭದಿಂದ ಅಳೆಯಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಸೇವೆಯ ಹೆಸರಿನಲ್ಲಿ ಲೆಕ್ಕವನ್ನೇ ಕೈಬಿಟ್ಟ ಊರಿಗೆ ತನ್ನ ನಿಲ್ದಾಣದಿಂದ ಯಾರಿಗೆ ಎಷ್ಟು ಒಳಿತು, ಯಾರಿಗೆ ಎಷ್ಟು ಕೆಡುಕು ಎಂದು ತಿಳಿಯುವ ದಾರಿಯೇ ಉಳಿಯುವುದಿಲ್ಲ.

ಕರ್ನಾಟಕ ಈಗ ಸಣ್ಣ ನಿಲ್ದಾಣಗಳನ್ನು ಕಟ್ಟುವ ಹಂತದಲ್ಲಿರುವುದರಿಂದ ಈ ಚರಿತ್ರೆ ನಮಗೂ ಸಂಬಂಧಿಸಿದ್ದು. ಸಣ್ಣ ಊರುಗಳಿಗೆ ವಿಮಾನ ತರಲೆಂದು 2016ರಲ್ಲಿ ರೂಪುಗೊಂಡ ಕೇಂದ್ರದ ಉಡಾನ್ ಯೋಜನೆಯೂ ನಿಗದಿತ ಅವಧಿಗೆ ಸೀಟಿನ ನಷ್ಟ ತುಂಬಿಕೊಡುವಂಥದೇ. 2020ರ ಫೆಬ್ರುವರಿಯಲ್ಲಿ ಆರಂಭವಾದ ಬೀದರಿನ ಸೇವೆ ನಿಂತುಹೋಗಿ, 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಗಬೇಕಾಯಿತು. ಶಿವಮೊಗ್ಗದ ಸೋಗಾನೆಯಲ್ಲಿ 3.2 ಕಿಲೋಮೀಟರ್ ರನ್‌ವೇ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು, ಮೊದಲ ಪ್ರಯಾಣಿಕ ವಿಮಾನ ಬಂದದ್ದು ಆಗಸ್ಟ್ ಕೊನೆಗೆ. ನಮ್ಮಲ್ಲಿ ಇಂಥ ನಿಲ್ದಾಣಗಳನ್ನು ಹೆಚ್ಚಾಗಿ ನಡೆಸುವುದು ಕೇಂದ್ರದ ಪ್ರಾಧಿಕಾರ ಅಥವಾ ರಾಜ್ಯ ಸರ್ಕಾರ; ಪಾಲಿಕೆ ಅದರ ಒಡೆಯನೂ ಅಲ್ಲ, ಲೆಕ್ಕ ಕೇಳುವ ಹಕ್ಕುದಾರನೂ ಅಲ್ಲ. ಅಮೆರಿಕದ ಪದ್ಧತಿಯನ್ನು ಹಾಗೆಯೇ ತರಬೇಕಿಲ್ಲ. ಅಲ್ಲಿನಷ್ಟು ಖಾಸಗಿ ಸಣ್ಣ ವಿಮಾನಗಳು ನಮ್ಮಲ್ಲಿಲ್ಲ. ತರಬೇಕಾದದ್ದು ಊರಿನ ಹೊಣೆ ಮತ್ತು ಊರಿನ ಪಾಲು. ನಿಲ್ದಾಣದ ನೆಲದಲ್ಲಿ ಹಾರಾಟ ಶಾಲೆ ಬರಬೇಕೋ, ರಿಪೇರಿ ಘಟಕ ಬರಬೇಕೋ, ರೈತರ ಸರಕಿಗೆ ಶೀತಲಗೃಹ ಬರಬೇಕೋ ಎಂಬುದನ್ನು ಭೂಮಿ ಬಿಟ್ಟುಕೊಟ್ಟ ಊರಿನವರು ಕೂಡಿ ನಿರ್ಧರಿಸಬೇಕು, ಅದರ ಆದಾಯವೆಚ್ಚ ಪ್ರತಿ ವರ್ಷ ಅವರ ಮುಂದೆ ಬರಬೇಕು. ದಿನಕ್ಕೆ ಎಷ್ಟು ವಿಮಾನ ಬರುತ್ತವೆ ಎಂದು ಕೇಳುವುದನ್ನು ನಮ್ಮ ಜನಪ್ರತಿನಿಧಿಗಳು ಚೆನ್ನಾಗಿ ಕಲಿತಿದ್ದಾರೆ. ವಿಮಾನ ಬಾರದ ದಿನವೂ ಈ ನೆಲ ಊರಿಗಾಗಿ ಏನು ದುಡಿಯುತ್ತದೆ ಎಂದು ಕೇಳಲು ಕಲಿತರೆ, ಕಟ್ಟಿದ ರನ್‌ವೇಗಳು ಉಳಿದಾವು.