ಬಿಜಾಪುರದ ಕೊಳವೆ, ಬೀದರಿನ ಹುಕ್ಕಾ



ನಮ್ಮ ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಸೀಮೆಯ ಸಂತೆಗಳಲ್ಲಿ ಒಂದೇ ಸರಕಿಗೆ ಮೂರು ಹೆಸರು ಕೇಳುತ್ತೇವೆ. ಕನ್ನಡದವರಿಗೆ ಅದು ಹೊಗೆಸೊಪ್ಪು, ತಮಿಳರಿಗೆ ಪುಗೈಯಿಲೈ, ತೆಲುಗಿನವರಿಗೆ ಪೊಗಾಕು. ಮೂರಕ್ಕೂ ಅರ್ಥ ಒಂದೇ, ಹೊಗೆಯ ಎಲೆ. ಹೆಸರು ಇಷ್ಟು ಅಚ್ಚುಕಟ್ಟಾಗಿ ನಮ್ಮದಾದರೂ ಗಿಡ ನಮ್ಮದಲ್ಲ. ಅಮೆರಿಕ ಖಂಡದ ಗಿಡ ಅದು, ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂತು. ಮೆಣಸಿನಕಾಯಿಯೂ ಹಾಗೆ ಬಂದದ್ದೇ, ಅದಿರಲಿ.

ಈ ಹೊತ್ತು ನಾನು ಹೇಳುವುದು ಸೊಪ್ಪಿನ ವಿಚಾರವಲ್ಲ, ಅದನ್ನು ಸೇದುವ ಕೊಳವೆಯ ವಿಚಾರ. ಕಾಸಿಗೆ ಸಿಗುವ ಮಣ್ಣಿನ ಚಿಲುಮೆಯಲ್ಲೂ ಬರುವುದು ಅದೇ ಹೊಗೆ. ಆದರೂ ಬೆಲೆಬಾಳುವ ಕೊಳವೆಗಳನ್ನು ಮಾಡಿಸುವವರು, ಕೂಡಿಡುವವರು ನಾನೂರು ವರ್ಷಗಳಿಂದ ಇದ್ದಾರೆ. ಅಂಥ ಕೊಳವೆಯ ಒಂದು ಹಳೆಯ ದಾಖಲೆ ಕನ್ನಡ ನಾಡಿನ ಬಿಜಾಪುರಕ್ಕೆ ಸೇರಿದ್ದು.

1604ರ ಸುಮಾರಿಗೆ ಅಕ್ಬರ್ ಬಾದಶಹನ ದೂತನಾಗಿ ಆಸದ್ ಬೇಗ್ ಎಂಬುವನು ಬಿಜಾಪುರಕ್ಕೆ ಬಂದಿದ್ದ. ಆಗ ಅಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಳ್ವಿಕೆ. ಆಸದ್ ಬೇಗ್ ಹೊಗೆಸೊಪ್ಪನ್ನು ಮೊದಲು ಕಂಡದ್ದು ಬಿಜಾಪುರದಲ್ಲಿ. ಬರಿಯ ಸೊಪ್ಪನ್ನು ಬಾದಶಹನ ಮುಂದೆ ಇಡಲಾದೀತೇ? ಮೂರು ಮೊಳ ಉದ್ದದ ಕೊಳವೆಗೆ ಎರಡು ತುದಿಯಲ್ಲೂ ರತ್ನ ಮತ್ತು ಮೀನಾ ಕೆಲಸ ಮಾಡಿಸಿದ. ಬಾಯಿಗಿಡುವ ಕಡೆ ಯೆಮೆನ್ ದೇಶದ ಕೆಂಪು ಕಲ್ಲು. ಬೆಂಕಿಗೆ ಚಿನ್ನದ ಬಟ್ಟಲು. ಆದಿಲ್ ಶಾಹ ಕೊಟ್ಟಿದ್ದ ಸೊಗಸಾದ ಎಲೆಯಡಿಕೆ ಚೀಲದಲ್ಲಿ ಸೊಪ್ಪು ತುಂಬಿ, ಎಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿ ಜೋಡಿಸಿ ಇಟ್ಟ. ಇದೆಲ್ಲವನ್ನೂ ಅವನೇ ಬರೆದಿಟ್ಟಿದ್ದಾನೆ.

ಅಕ್ಬರನ ವೈದ್ಯ ಬೇಡವೆಂದ. ದೂತನಿಗೆ ಬೇಸರವಾಗದಿರಲೆಂದು ಬಾದಶಹ ಎರಡು ಮೂರು ಸಲ ಎಳೆದು ಬಿಟ್ಟ, ಮುಂದೆ ರೂಢಿ ಮಾಡಿಕೊಳ್ಳಲಿಲ್ಲ. ಆದರೆ ಸುತ್ತಲಿದ್ದ ಅಮೀರರು ಬಿಡಲಿಲ್ಲ, ವರ್ತಕರು ಮಾರತೊಡಗಿದರು. 1617ರಲ್ಲಿ ಮಗ ಜಹಾಂಗೀರ್ ನಿಷೇಧದ ಆಜ್ಞೆ ಹೊರಡಿಸಿದರೂ ಚಟ ನಿಲ್ಲಲಿಲ್ಲ. ಆ ದಿನ ವೈದ್ಯ ಹೇಳಿದ್ದೇ ಸರಿ ಎಂದು ಈಗ ಬೀಡಿ ಕಟ್ಟಿನ ಮೇಲೇ ಅಚ್ಚು ಹಾಕುತ್ತಾರೆ. ಸೊಪ್ಪಿನ ಗುಣಕ್ಕಿಂತ ಕೊಳವೆಯ ಬೆಡಗೇ ಅಮೀರರನ್ನು ಎಳೆದಿರಬೇಕೆಂದು ನನ್ನ ಎಣಿಕೆ.

ಇನ್ನು ಬೀದರ್. 1956ರಲ್ಲಿ ಭಾಷಾವಾರು ಗೆರೆ ಎಳೆದಾಗ ಬೀದರ್ ಹೈದರಾಬಾದಿನಿಂದ ಕನ್ನಡ ರಾಜ್ಯಕ್ಕೆ ಬಂತು, ನಮ್ಮ ಹೊಸೂರು ಮದ್ರಾಸಿನಲ್ಲೇ ಉಳಿಯಿತು. ಆ ಊರಿನ ಹೆಸರು ಹೊತ್ತ ಕೆಲಸವೇ ಬಿದ್ರಿ. ಹುಕ್ಕಾದಲ್ಲಿ ಮೇಲೆ ಚಿಲುಮೆ, ಅದರಲ್ಲಿ ಸೊಪ್ಪು ಮತ್ತು ಕೆಂಡ, ಕೆಳಗೆ ನೀರು ತುಂಬಿದ ಬುಡ. ಹೊಗೆ ನೀರೊಳಗೆ ಹಾದು ಬಾಯಿಗೆ ಬರುತ್ತದೆ. ಹಳ್ಳಿಯವರು ಅದರ ಸದ್ದಿನಿಂದಲೇ ಗುಡುಗುಡಿ ಎಂದರು. ಶಿಶುನಾಳ ಷರೀಫರು ಅದರ ಮೇಲೇ ತತ್ವಪದ ಹಾಡಿದ್ದಾರೆ. ಆ ನೀರಿನ ಬುಡವನ್ನು ಬೀದರಿನವರು ಬಿದ್ರಿಯಲ್ಲಿ ಮಾಡಿದರು. ಮೊದಮೊದಲು ಗುಂಡಗೆ ಇತ್ತು, ನಿಲ್ಲಿಸಲು ಕೆಳಗೆ ಒಂದು ಸಿಂಬೆ ಬೇಕಿತ್ತು. 18ನೆಯ ಶತಮಾನದಲ್ಲಿ ಗಂಟೆಯ ಆಕಾರ ಬಂತು, ತಾನಾಗಿ ನಿಲ್ಲುತ್ತದೆ.

ಮಾಡುವ ಕ್ರಮ ಕೇಳಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡಿಕೊಂಡು, ಅದರ ಮೇಲೆ ಹೂಬಳ್ಳಿ ಗೀಚಿ, ಉಳಿಯಿಂದ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿ ಕೂಡಿಸಿ ತಟ್ಟುತ್ತಾರೆ. ಉಜ್ಜಿದ ಮೇಲೆ ಎಲ್ಲವೂ ಒಂದೇ ಬಣ್ಣ, ಬೆಳ್ಳಿ ಯಾವುದು ಸತು ಯಾವುದು ತಿಳಿಯದು. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಬಳಿಯುತ್ತಾರೆ. ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ.

ಬ್ಯಾಂಕಿನಲ್ಲಿ ಒಡವೆ ಸಾಲದ ಮೇಜಿನ ಬಳಿ ವರ್ಷಗಟ್ಟಲೆ ಕೂತವನು ನಾನು. ಅಲ್ಲಿ ತೂಕ ನೋಡುತ್ತಾರೆ, ಒರೆ ಹಚ್ಚುತ್ತಾರೆ. ಕುಸುರಿಗೆ ಒಂದು ಪೈಸೆಯೂ ಇಲ್ಲ. ಆ ಲೆಕ್ಕಕ್ಕೆ ಬೀದರಿನ ಹುಕ್ಕಾ ಬುಡದ ಮೇಲೆ ಸಾಲವೇ ಹುಟ್ಟದು, ಹೆಚ್ಚಿನದೆಲ್ಲ ಸತುವೇ. ಚಿನ್ನ ಬೆಳ್ಳಿಯ ಹುಕ್ಕಾಗಳು ಕಷ್ಟಕಾಲದಲ್ಲಿ ಕುಲುಮೆಗೆ ಹೋಗುತ್ತವೆ. ಕರಗಿಸಿದರೆ ಏನೂ ಗಿಟ್ಟದ ಬಿದ್ರಿ ಉಳಿದುಕೊಂಡಿತು ಎಂದರೆ ಆಶ್ಚರ್ಯವಿಲ್ಲ.

ಕುಂಪಣಿಯ ಇಂಗ್ಲಿಷರೂ ಹುಕ್ಕಾಕ್ಕೆ ಒಲಿದರು. ವಾರನ್ ಹೇಸ್ಟಿಂಗ್ಸನ ಮನೆಯಿಂದ 1779ರಲ್ಲಿ ಹೊರಟ ಒಂದು ಔತಣದ ಚೀಟಿಯಲ್ಲಿ, ಹುಕ್ಕಾಬರದಾರನ ಹೊರತು ಬೇರೆ ಆಳುಗಳನ್ನು ಕರೆತರಬೇಡಿ ಎಂದಿತ್ತು. ನಮ್ಮ ಬಾರಾಮಹಲ್ 1792ರಲ್ಲಿ, ಹೊಸೂರು 1799ರಲ್ಲಿ ಅವರ ಕೈಗೆ ಹೋದದ್ದು ಈ ಷೋಕಿಯ ಕಾಲದಲ್ಲೇ. ಮುಂದೆ ತಿರುಚ್ಚಿ, ದಿಂಡುಗಲ್ಲಿನ ಚುಟ್ಟ ಹಬ್ಬಿತು. ಜೇಬಿನಲ್ಲಿ ಹಿಡಿಯುವ ಚುಟ್ಟಕ್ಕೆ ಆಳು ಬೇಕಿಲ್ಲ. ಹುಕ್ಕಾ ಮೂಲೆ ಸೇರಿತು.

ಮೂಲೆ ಸೇರಿದ್ದನ್ನು ಹುಡುಕಿ ತೆಗೆದವರು ಸಂಗ್ರಹಕಾರರು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಿದ್ರಿ ಇತ್ತು. ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಇಂದೂ ಬಿದ್ರಿ ಹುಕ್ಕಾ ಬುಡಗಳಿವೆ. ಹೈದರಾಬಾದಿನಲ್ಲಿ ಮೂರನೆಯ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್, ಸಂಪತ್ತನ್ನೆಲ್ಲ ಇಂಥ ವಸ್ತುಗಳಿಗೇ ಸುರಿದು 1949ರಲ್ಲಿ ತೀರಿಕೊಂಡರು. 1951ರಲ್ಲಿ ನೆಹರೂ ಅವರು ಆ ಸಂಗ್ರಹವನ್ನು ಮ್ಯೂಸಿಯಂ ಆಗಿ ತೆರೆದರು. ಬಿದ್ರಿಯೂ ಹುಕ್ಕಾಗಳೂ ಅಲ್ಲಿ ನೋಡಸಿಗುತ್ತವೆ.

ಆದರೆ ಹಳೆಯ ಬುಡಗಳಲ್ಲಿ ಬಹುಪಾಲಿನ ಮೇಲೆ ಮಾಡಿದವನ ಹೆಸರಿಲ್ಲ. ಇಟ್ಟುಕೊಂಡ ನವಾಬನ ಹೆಸರು ಉಂಟು, ಕೊಂಡ ದೊರೆಯ ಹೆಸರು ಉಂಟು. 1907ರಲ್ಲಿ ಲಂಡನ್ನಿನಲ್ಲಿ ಅಂಗಡಿ ಹಾಕಿದ ಆಲ್ಫ್ರೆಡ್ ಡನ್‌ಹಿಲ್ಲನ ಮರದ ಪೈಪುಗಳನ್ನು ನೋಡಿ, ಕೊಳವೆಯ ಮೇಲೆ ಒಂದು ಬಿಳಿಯ ಚುಕ್ಕಿ. ಸಂಗ್ರಹಕಾರರು ಮೊದಲು ಹುಡುಕುವುದು ಆ ಚುಕ್ಕಿಯನ್ನು. ಬೀದರಿನವನಿಗೆ ಅಂಥ ಒಂದು ಚುಕ್ಕಿಯೂ ದಕ್ಕಲಿಲ್ಲವಲ್ಲ ಎಂದು ನನಗೆ ಬಹಳ ಸಲ ಅನ್ನಿಸಿದೆ.

ಇತ್ತೀಚೆಗೆ ಸ್ವಲ್ಪ ಬದಲಾಗಿದೆ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿತು, ಬೇರೆ ಕಡೆ ಮಾಡಿದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಹುಕ್ಕಾ ಬಾರುಗಳನ್ನು ಕರ್ನಾಟಕ ಸರ್ಕಾರ 2024ರಲ್ಲಿ ನಿಷೇಧಿಸಿತು. ಬೀದರಿನ ಕೆಲಸಗಾರರಿಗೆ ಅದರಿಂದ ನಷ್ಟವಾಗಿರಲಾರದು, ಅವರು ಹೂದಾನಿ, ಡಬ್ಬಿ, ಬಳೆಗಳ ಕಡೆ ತಿರುಗಿ ಬಹಳ ಕಾಲವಾಗಿದೆ. ಅವರಲ್ಲಿ ಒಬ್ಬರಾದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಪತ್ರಿಕೆಗಳು ಅವರ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿದ್ದವು.