ಮುಧೋಳ ನಾಯಿ ಸಾಕುವವರಿಗೆ ಮಾಹಿತಿ: ತಳಿಯ ಅರಿವುಳ್ಳ ಪಶುವೈದ್ಯರನ್ನು ಆಯ್ಕೆ ಮಾಡಿಕೊಳ್ಳುವ ವಿಧಾನ

1. ಪೀಠಿಕೆ

ಮುಧೋಳ ನಾಯಿಯು ಬಾಗಲಕೋಟೆ ಜಿಲ್ಲೆಯ ಮುಧೋಳ ಪ್ರದೇಶದ ಹೆಸರನ್ನು ಹೊತ್ತಿರುವ ಬೇಟೆನಾಯಿ ತಳಿಯಾಗಿರುತ್ತದೆ. ಭಾರತೀಯ ಅಂಚೆ ಇಲಾಖೆಯು 2005ರಲ್ಲಿ ಹೊರತಂದ ದೇಶೀಯ ಶ್ವಾನ ತಳಿಗಳ ಅಂಚೆಚೀಟಿಗಳಲ್ಲಿ ಈ ತಳಿಯೂ ಸೇರಿದೆ. ಹಿಂದೆ ಹೊಲ, ತೋಟ ಹಾಗೂ ಕುರಿಹಟ್ಟಿಗಳಲ್ಲಿ ಸಾಕಲಾಗುತ್ತಿದ್ದ ಈ ನಾಯಿಯನ್ನು ಇಂದು ನಗರಗಳಲ್ಲಿಯೂ ಸಾಕಲಾಗುತ್ತಿದೆ. ಮುಧೋಳದಿಂದ ದೂರದ ಊರುಗಳಲ್ಲಿ ಇದನ್ನು ಸಾಕುವವರಿಗೆ, ಈ ತಳಿಯನ್ನು ಬಲ್ಲ ಪಶುವೈದ್ಯರನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆ ಎದುರಾಗುತ್ತದೆ. ಅಂತಹ ನಾಗರಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ತಳಿಯ ಅರಿವು ಏಕೆ ಅಗತ್ಯ?

ಮುಧೋಳ ನಾಯಿಯು ಮೂಗಿಗಿಂತ ಕಣ್ಣನ್ನೇ ನೆಚ್ಚಿ, ವೇಗವಾಗಿ ಓಡಿ ಬೇಟೆಯಾಡುವ ನಾಯಿಗಳ ಗುಂಪಿಗೆ ಸೇರಿದೆ. ಗ್ರೇಹೌಂಡ್, ಸಲೂಕಿ ಮುಂತಾದವು ಇದೇ ಗುಂಪಿನವು. ಈ ಗುಂಪಿನ ನಾಯಿಗಳ ದೇಹರಚನೆಯು ಇತರ ನಾಯಿಗಳಿಗಿಂತ ಕೆಲವು ಅಂಶಗಳಲ್ಲಿ ಭಿನ್ನವಾಗಿರುತ್ತದೆ.

(ಅ) ಅರಿವಳಿಕೆ: ಈ ನಾಯಿಗಳ ಮೈಯಲ್ಲಿ ಕೊಬ್ಬಿನ ಅಂಶ ಕಡಿಮೆ. ಥಯೋಪೆಂಟೋನ್‌ನಂತಹ ಅರಿವಳಿಕೆ ಔಷಧಗಳನ್ನು ಗ್ರೇಹೌಂಡ್‌ನ ಯಕೃತ್ತು ನಿಧಾನವಾಗಿ ಕರಗಿಸುವುದರಿಂದ, ಎಚ್ಚರಗೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ಚರ್ಮ ತೆಳುವಾಗಿದ್ದು ಕೂದಲು ಗಿಡ್ಡವಾಗಿರುವುದರಿಂದ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಮೈಶಾಖವೂ ಬೇಗ ಇಳಿಯುತ್ತದೆ.

(ಆ) ರಕ್ತಪರೀಕ್ಷೆ: ಸಾಮಾನ್ಯ ನಾಯಿಗಳ ರಕ್ತದಲ್ಲಿ ಕೆಂಪುಕಣಗಳ ಪ್ರಮಾಣ, ಅಂದರೆ ಪಿ.ಸಿ.ವಿ., ಶೇಕಡ 37 ರಿಂದ 55ರಷ್ಟಿರುತ್ತದೆ. ಗ್ರೇಹೌಂಡ್‌ಗಳಲ್ಲಿ ಇದು ಶೇಕಡ 60ನ್ನು ದಾಟುವುದೂ ಸಹಜ. ಆದುದರಿಂದ ಇತರ ನಾಯಿಗೆ ಸರಿಯೆನಿಸುವ ಶೇಕಡ 40 ಎಂಬ ಅಂಕಿ, ಈ ಗುಂಪಿನ ನಾಯಿಯಲ್ಲಿ ರಕ್ತಹೀನತೆಯ ಸೂಚನೆ ಆಗಿರಬಹುದು. ಇದಕ್ಕೆ ವಿರುದ್ಧವಾಗಿ ಪ್ಲೇಟ್‌ಲೆಟ್‌ಗಳ ಸಂಖ್ಯೆ ಹಾಗೂ ಥೈರಾಯ್ಡ್ ಹಾರ್ಮೋನಿನ ಪ್ರಮಾಣ ಆರೋಗ್ಯವಂತ ನಾಯಿಯಲ್ಲಿಯೂ ಕಡಿಮೆ ಇರುತ್ತವೆ. ಇದನ್ನು ಅರಿಯದಿದ್ದಲ್ಲಿ, ಇಲ್ಲದ ಉಣ್ಣೆಜ್ವರಕ್ಕೋ ಥೈರಾಯ್ಡ್ ಕೊರತೆಗೋ ತಿಂಗಳುಗಟ್ಟಲೆ ಔಷಧ ನೀಡುವ ಪ್ರಸಂಗ ಬರಬಹುದು.

(ಇ) ಮೈಕಟ್ಟು: ಆರೋಗ್ಯವಂತ ಮುಧೋಳ ನಾಯಿಯ ಹೊಟ್ಟೆ ಒಳಸೇರಿರುತ್ತದೆ, ಹಿಂಭಾಗದ ಕೆಲವು ಪಕ್ಕೆಲುಬುಗಳು ಕಾಣಿಸುತ್ತವೆ. ಇದು ಬಡಕಲುತನವಲ್ಲ. ದಪ್ಪವಾಗಲೆಂದು ಅತಿಯಾಗಿ ತಿನ್ನಿಸುವುದು ಕೀಲುಗಳಿಗೆ ಹಾನಿಕರ.

(ಈ) ಸ್ವಭಾವ: ಅಪರಿಚಿತರು ಮೈಮುಟ್ಟುವುದನ್ನು ಈ ನಾಯಿ ಸುಲಭವಾಗಿ ಸಹಿಸುವುದಿಲ್ಲ. ಅವಸರದಿಂದ ಅದುಮಿ ಹಿಡಿದಲ್ಲಿ ಗಾಬರಿಗೊಂಡು ಕಚ್ಚುವ ಅಥವಾ ಓಡಿಹೋಗುವ ಸಂಭವವಿರುತ್ತದೆ.

ಮೇಲಿನ ಅಂಕಿಗಳು ಹೆಚ್ಚಾಗಿ ಗ್ರೇಹೌಂಡ್‌ಗಳ ಅಧ್ಯಯನದಿಂದ ದೊರೆತವು. ಅವುಗಳನ್ನು ಮುಧೋಳ ನಾಯಿಗೆ ಯಥಾವತ್ತಾಗಿ ಅನ್ವಯಿಸಲಾಗದು. ಆದ್ದರಿಂದ ನಾಯಿ ಆರೋಗ್ಯವಾಗಿರುವಾಗಲೇ, ಒಂದರಿಂದ ಎರಡು ವರ್ಷದ ವಯಸ್ಸಿನಲ್ಲಿ, ಒಮ್ಮೆ ರಕ್ತಪರೀಕ್ಷೆ ಮಾಡಿಸಿ ವರದಿಯನ್ನು ಕಾದಿರಿಸುವುದು ಉತ್ತಮ. ಮುಂದೆ ಕಾಯಿಲೆ ಬಿದ್ದಾಗ ಆ ನಾಯಿಗೆ ಅದರದೇ ಅಂಕಿಗಳು ಅಳತೆಗೋಲಾಗುತ್ತವೆ.

3. ಮೊದಲು ಪರಿಶೀಲಿಸಬೇಕಾದ ಅಂಶ: ನೋಂದಣಿ

ಭಾರತೀಯ ಪಶುವೈದ್ಯಕೀಯ ಪರಿಷತ್ ಅಧಿನಿಯಮ, 1984ರ ಪ್ರಕಾರ ನೋಂದಾಯಿತ ಪಶುವೈದ್ಯರು ಮಾತ್ರ ಪಶುವೈದ್ಯ ವೃತ್ತಿ ನಡೆಸಲು ಹಾಗೂ ಆರೋಗ್ಯ ಪ್ರಮಾಣಪತ್ರಕ್ಕೆ ಸಹಿ ಮಾಡಲು ಅರ್ಹರಾಗಿರುತ್ತಾರೆ. ರಾಜ್ಯದಲ್ಲಿ ಈ ನೋಂದಣಿಯನ್ನು ಕರ್ನಾಟಕ ಪಶುವೈದ್ಯಕೀಯ ಪರಿಷತ್ತು ನಿರ್ವಹಿಸುತ್ತದೆ. ಪಶುವೈದ್ಯರ ನೋಂದಣಿ ಸಂಖ್ಯೆಯನ್ನು ಕೇಳಿ ತಿಳಿಯುವುದರಲ್ಲಿ ಸಂಕೋಚ ಬೇಕಾಗಿಲ್ಲ. ಡಿಪ್ಲೊಮಾ ಅಥವಾ ಪ್ರಮಾಣಪತ್ರ ಪಡೆದ ಸಹಾಯಕರು ರಾಜ್ಯ ಸರ್ಕಾರದ ಅನುಮತಿಯಂತೆ, ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ, ಸಣ್ಣಪುಟ್ಟ ಸೇವೆಗಳನ್ನು ಮಾತ್ರ ನೀಡಬಹುದಾಗಿದೆ.

‘ಮುಧೋಳ ನಾಯಿ ತಜ್ಞ’ ಎಂಬ ಶಾಸನಬದ್ಧ ಪದವಿ ಇರುವುದಿಲ್ಲ. ಬಿ.ವಿ.ಎಸ್ಸಿ. ಮತ್ತು ಎ.ಎಚ್. ಪದವಿಯ ನಂತರ ಶಸ್ತ್ರಚಿಕಿತ್ಸೆ, ವೈದ್ಯಶಾಸ್ತ್ರ, ಸಂತಾನೋತ್ಪತ್ತಿ ಮುಂತಾದ ವಿಷಯಗಳಲ್ಲಿ ಸ್ನಾತಕೋತ್ತರ ಪದವಿ ಪಡೆಯಲಾಗುತ್ತದೆಯೇ ಹೊರತು ತಳಿಯ ಹೆಸರಿನಲ್ಲಿ ಅಲ್ಲ. ನಾಯಿಮರಿ ಮಾರುವವರು ಅಥವಾ ಅನುಭವಿ ಸಾಕಣೆದಾರರು ತಳಿಯನ್ನು ಚೆನ್ನಾಗಿ ಬಲ್ಲವರಾಗಿದ್ದರೂ, ಅವರ ಸಲಹೆಯು ಚಿಕಿತ್ಸೆಗೆ ಬದಲಿಯಾಗದು.

4. ಪಶುವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

ಮೊದಲ ಭೇಟಿಯನ್ನು ಲಸಿಕೆ ಅಥವಾ ಸಾಮಾನ್ಯ ತಪಾಸಣೆಯ ಸಂದರ್ಭದಲ್ಲಿಯೇ ಇಟ್ಟುಕೊಂಡು ಈ ಕೆಳಕಂಡವುಗಳನ್ನು ವಿಚಾರಿಸುವುದು ಸೂಕ್ತ.

1) ಮುಧೋಳ ಅಥವಾ ಅದೇ ಗುಂಪಿನ ನಾಯಿಗಳಿಗೆ ಈ ಮೊದಲು ಚಿಕಿತ್ಸೆ ನೀಡಿರುವರೇ?
2) ಸಂತಾನಹರಣ ಶಸ್ತ್ರಚಿಕಿತ್ಸೆಗೆ ಯಾವ ಅರಿವಳಿಕೆ ಬಳಸುತ್ತಾರೆ? ನಾಯಿಯನ್ನು ತೂಕ ಮಾಡಿಯೇ ಪ್ರಮಾಣವನ್ನು ನಿರ್ಧರಿಸುತ್ತಾರೆಯೇ?
3) ಶಸ್ತ್ರಚಿಕಿತ್ಸೆಯ ವೇಳೆ ಹಾಗೂ ನಂತರ ಮೈಶಾಖ ಕಾಪಾಡುವ ಏರ್ಪಾಡು ಇದೆಯೇ? ನಾಯಿ ಪೂರ್ಣ ಎಚ್ಚರಗೊಳ್ಳುವವರೆಗೆ ಯಾರು ನೋಡಿಕೊಳ್ಳುತ್ತಾರೆ?
4) ರಕ್ತಪರೀಕ್ಷೆಯ ವರದಿ ಓದುವಾಗ ತಳಿಯ ವ್ಯತ್ಯಾಸವನ್ನು ಪರಿಗಣಿಸುತ್ತಾರೆಯೇ?
5) ರಾತ್ರಿ ಹಾಗೂ ರಜಾದಿನಗಳ ತುರ್ತು ಸಂದರ್ಭದಲ್ಲಿ ಎಲ್ಲಿಗೆ ಕರೆದೊಯ್ಯಬೇಕು?
6) ಕ್ಷಕಿರಣ, ಪ್ರಯೋಗಾಲಯ ಹಾಗೂ ಶಸ್ತ್ರಚಿಕಿತ್ಸೆಯ ಅಂದಾಜು ವೆಚ್ಚವೆಷ್ಟು?

ಮೊದಲ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದ ಮಾತ್ರಕ್ಕೆ ಆ ಪಶುವೈದ್ಯರನ್ನು ತಿರಸ್ಕರಿಸಬೇಕಾಗಿಲ್ಲ. ಉಳಿದ ಪ್ರಶ್ನೆಗಳಿಗೆ ತಾಳ್ಮೆಯಿಂದ ವಿವರ ನೀಡುವ, ಅಗತ್ಯವಿದ್ದಲ್ಲಿ ಹಿರಿಯ ತಜ್ಞರೊಡನೆ ಸಮಾಲೋಚಿಸುವ ಸಮೀಪದ ಪಶುವೈದ್ಯರು, ನೂರಾರು ಕಿಲೋಮೀಟರ್ ದೂರದ ಹೆಸರಾಂತ ವೈದ್ಯರಿಗಿಂತ ನಿತ್ಯದ ಆರೈಕೆಗೆ ಹೆಚ್ಚು ಉಪಯುಕ್ತರು.

5. ಸಲಹೆ ಮತ್ತು ಚಿಕಿತ್ಸೆ ದೊರೆಯುವ ಸ್ಥಳಗಳು

(ಅ) ಸಮೀಪದ ಸರ್ಕಾರಿ ಪಶು ಚಿಕಿತ್ಸಾಲಯ, ಪಶು ಆಸ್ಪತ್ರೆ ಹಾಗೂ ಜಿಲ್ಲಾ ಕೇಂದ್ರದ ಪಾಲಿಕ್ಲಿನಿಕ್.
(ಆ) ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ ಹಾಗೂ ಹಾಸನದಲ್ಲಿರುವ ಪಶುವೈದ್ಯಕೀಯ ಮಹಾವಿದ್ಯಾಲಯಗಳ ಬೋಧನಾ ಆಸ್ಪತ್ರೆಗಳು. ಕ್ಲಿಷ್ಟ ಪ್ರಕರಣಗಳನ್ನು ಸ್ಥಳೀಯ ಪಶುವೈದ್ಯರ ಪತ್ರದೊಂದಿಗೆ ಇಲ್ಲಿಗೆ ಒಯ್ಯಬಹುದಾಗಿದೆ.
(ಇ) ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ. ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿರುವ ಈ ಕೇಂದ್ರವು ಮುಧೋಳ ತಳಿಯ ಸಂರಕ್ಷಣೆ ಹಾಗೂ ಸಂವರ್ಧನೆಯ ಕಾರ್ಯದಲ್ಲಿ ತೊಡಗಿದೆ.

6. ಭೇಟಿಯ ಸಮಯದಲ್ಲಿ ಮಾಲೀಕರ ಕರ್ತವ್ಯಗಳು

* ಲಸಿಕೆ ಹಾಗೂ ಜಂತುನಾಶಕ ನೀಡಿದ ದಿನಾಂಕಗಳು, ಹಿಂದಿನ ರಕ್ತಪರೀಕ್ಷೆಯ ವರದಿ, ತೂಕದ ದಾಖಲೆ ಮತ್ತು ಈಗ ನೀಡುತ್ತಿರುವ ಔಷಧಗಳ ಪಟ್ಟಿಯನ್ನು ಒಂದೇ ಕಡತದಲ್ಲಿಟ್ಟು ಒಯ್ಯತಕ್ಕದ್ದು.
* ಮುಧೋಳ ನಾಯಿಯ ತಲೆ ಕಿರಿದಾಗಿರುವುದರಿಂದ ಸಾಮಾನ್ಯ ಕೊರಳಪಟ್ಟಿಯಿಂದ ಸುಲಭವಾಗಿ ನುಣುಚಿಕೊಳ್ಳುತ್ತದೆ. ಅಗಲವಾದ ಪಟ್ಟಿ ಹಾಗೂ ಎದೆಪಟ್ಟಿ ಎರಡನ್ನೂ ಬಳಸುವುದು ಕ್ಷೇಮ.
* ಬಾಯಿಕುಕ್ಕೆ ತೊಡುವುದನ್ನು ಮನೆಯಲ್ಲಿಯೇ ರೂಢಿ ಮಾಡಿಸತಕ್ಕದ್ದು. ನಾಯಿಗೆ ಪರಿಚಿತರಾದವರೇ ಅದನ್ನು ಹಿಡಿದುಕೊಳ್ಳತಕ್ಕದ್ದು.
* ರೇಬೀಸ್ ಅಥವಾ ಹುಚ್ಚುನಾಯಿ ರೋಗದ ಲಸಿಕೆಯನ್ನು ಮೂರು ತಿಂಗಳ ವಯಸ್ಸಿನಲ್ಲಿ ಹಾಕಿಸಿ, ಮುಂದಿನ ವರ್ಧಕ ಲಸಿಕೆಗಳನ್ನು ಪಶುವೈದ್ಯರ ಸಲಹೆಯಂತೆ ತಪ್ಪದೆ ಹಾಕಿಸತಕ್ಕದ್ದು.

7. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ತುರ್ತು ಸಂದರ್ಭದಲ್ಲಿಯೂ ತಳಿಯ ಅನುಭವವುಳ್ಳವರನ್ನೇ ಹುಡುಕಬೇಕೇ?
ಉತ್ತರ: ಬೇಡ. ಹಾವು ಕಡಿತ, ವಿಷಪ್ರಾಶನ, ಬಿಸಿಲಿನ ಆಘಾತ, ಅಪಘಾತ ಅಥವಾ ಹೊಟ್ಟೆ ಏಕಾಏಕಿ ಉಬ್ಬಿ ವಾಂತಿ ಬಾರದೆ ಒದ್ದಾಡುವ ಸಂದರ್ಭಗಳಲ್ಲಿ ಅತಿ ಸಮೀಪದ ನೋಂದಾಯಿತ ಪಶುವೈದ್ಯರ ಬಳಿಗೆ ಕೂಡಲೇ ಒಯ್ಯತಕ್ಕದ್ದು. ಎದೆ ಆಳವಾಗಿರುವ ನಾಯಿಗಳಲ್ಲಿ ಜಠರ ತಿರುಚಿಕೊಳ್ಳುವ ಅಪಾಯವಿದ್ದು, ಕೆಲವೇ ಗಂಟೆಗಳ ವಿಳಂಬವೂ ಪ್ರಾಣಾಂತಿಕವಾಗಬಹುದು. ಸಂಚಾರಿ ಪಶು ಚಿಕಿತ್ಸಾ ಸೇವೆಗಾಗಿ 1962 ಸಹಾಯವಾಣಿಗೆ ಕರೆ ಮಾಡಬಹುದಾಗಿದೆ.

ಪ್ರಶ್ನೆ: ಎರಡನೆಯ ಅಭಿಪ್ರಾಯ ಪಡೆಯಬಹುದೇ?
ಉತ್ತರ: ಪಡೆಯಬಹುದು. ಮೊದಲ ಪಶುವೈದ್ಯರಿಂದ ಔಷಧ ಚೀಟಿ ಹಾಗೂ ವರದಿಗಳ ಪ್ರತಿಯನ್ನು ಕೇಳಿ ಪಡೆದು ಒಯ್ದಲ್ಲಿ, ಅದೇ ಪರೀಕ್ಷೆಗಳನ್ನು ಪುನಃ ಮಾಡಿಸುವ ವೆಚ್ಚ ಉಳಿಯುತ್ತದೆ.

ಪ್ರಶ್ನೆ: ವೃತ್ತಿ ನಡತೆಯ ಬಗ್ಗೆ ದೂರು ಇದ್ದಲ್ಲಿ ಎಲ್ಲಿ ಸಲ್ಲಿಸಬೇಕು?
ಉತ್ತರ: ನೋಂದಾಯಿತ ಪಶುವೈದ್ಯರ ವೃತ್ತಿ ನಡತೆಗೆ ಸಂಬಂಧಿಸಿದ ದೂರನ್ನು ದಾಖಲೆಗಳ ಪ್ರತಿಯೊಂದಿಗೆ ಲಿಖಿತವಾಗಿ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿಗೆ ಸಲ್ಲಿಸಬಹುದಾಗಿದೆ.

ಗಮನಿಸಿ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಇದರ ಆಧಾರದ ಮೇಲೆ ಸ್ವತಃ ಔಷಧ ನೀಡುವುದಾಗಲಿ, ಪಶುವೈದ್ಯರು ಸೂಚಿಸಿದ ಔಷಧವನ್ನು ನಿಲ್ಲಿಸುವುದಾಗಲಿ ಮಾಡಬಾರದಾಗಿ ಕೋರಲಾಗಿದೆ.